ಕೀಲು ಬಲ್ಲ ಕೈ

ಕನ್ನಡದ ಮೇಷ್ಟರಿಗೆ ಸಂಧಿಯೆಂದರೆ ಲೋಪ, ಆಗಮ, ಆದೇಶ. ಅದನ್ನೇ ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಮಾತಿನ ಇನ್ನೊಂದು ಅರ್ಥ ಹತ್ತನೆಯ ವಯಸ್ಸಿಗೇ ಪರಿಚಯವಾಗಿತ್ತು. 1968ರ ಸುಮಾರಿನಲ್ಲಿ, ಕಡೂರು ಬಯಲಿನ ನಮ್ಮ ಹಳ್ಳಿಯಲ್ಲಿ, ನನ್ನ ಅಣ್ಣ ಹುಣಿಸೆಮರದಿಂದ ಬಿದ್ದು ಎಡಗೈ ಊದಿಸಿಕೊಂಡ. ತಂದೆಯವರು ಅವನನ್ನು ಗಾಡಿಯಲ್ಲಿ ಮಲಗಿಸಿ ತರೀಕೆರೆ ಕಡೆಯ ಒಬ್ಬ ಮೂಳೆ ಕಟ್ಟುವ ಅಜ್ಜನ ಬಳಿಗೆ ಕರೆದೊಯ್ದರು. ಗಾಡಿಯಲ್ಲಿ ನಾನೂ ಇದ್ದೆ. ಅಜ್ಜಂಪುರದ ಅಮೃತಮಹಲ್ ದನಗಳನ್ನು ಕಾಯುತ್ತಿದ್ದ ಕಾಲದಲ್ಲಿ ಹೋರಿಗಳ ಕಾಲು ತಡವಿ ತಡವಿ ಆತ ಈ ವಿದ್ಯೆ ಕಲಿತನೆಂದು ಜನ ಹೇಳುತ್ತಿದ್ದರು.

ಅಜ್ಜ ಮೊದಲು ಮುಟ್ಟಿದ್ದು ನೊಂದ ಕೈಯನ್ನಲ್ಲ, ಬಲಗೈಯನ್ನು. ಮೊಣಕೈ ಮಡಿಸಿ, ಅದರ ಮೂರು ಮೂಳೆಗುಬ್ಬುಗಳ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದ. ಆಮೇಲೆ ಎಡಗೈಯ ಮೇಲೆ ಅದೇ ಮೂರು ಬೆರಳು. “ಕೀಲು ತಪ್ಪಿಲ್ಲ ಸ್ವಾಮಿ, ಮೇಲುಗಡೆ ಮುರಿದದೆ” ಎಂದ. ಮೊಣಕೈ ಮಡಿಸಿದಾಗ ಆ ಮೂರು ಗುಬ್ಬುಗಳು ತ್ರಿಕೋನವಾಗಿಯೂ ನೀಡಿದಾಗ ಒಂದೇ ಗೆರೆಯಾಗಿಯೂ ನಿಲ್ಲುತ್ತವೆ. ಕೀಲು ತಪ್ಪಿದರೆ ಈ ಲೆಕ್ಕ ಕೆಡುತ್ತದೆ. ತೋಳಿನ ಮೂಳೆ ಕೀಲಿನ ಮೇಲ್ಗಡೆ ಮುರಿದರೆ ಕೆಡುವುದಿಲ್ಲ. ವೈದ್ಯವಿದ್ಯಾರ್ಥಿಗಳು ಇದನ್ನು 19ನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಹ್ಯೂಟರನ ತ್ರಿಕೋನವೆಂದು ಓದುತ್ತಾರೆ. ಅಜ್ಜನಿಗೆ ಅಕ್ಷರವೇ ಬಾರದು.

ಮುಟ್ಟಿ ತಿಳಿಯುವ ಈ ವಿದ್ಯೆ ನಮ್ಮಲ್ಲಿ ಪುರಾತನವಾದುದು. ಐದು ಇಂದ್ರಿಯಗಳಿಂದಲೂ ಪ್ರಶ್ನೆಯಿಂದಲೂ ರೋಗವನ್ನು ಅರಿಯಬೇಕೆನ್ನುವ ಸುಶ್ರುತ, ಮುರಿದ ಮೂಳೆಯನ್ನು ಒತ್ತಿದರೆ ಸದ್ದು ಕೇಳುವುದೆಂಬುದನ್ನೂ ಬರೆದಿಟ್ಟಿದ್ದಾನೆ. ಸಂಧಿ ತಪ್ಪುವುದರಲ್ಲಿ ಅವನು ಆರು ಬಗೆಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ‘ವಿಶ್ಲಿಷ್ಟ’ವೆಂಬುದಕ್ಕೆ ಬಾವು ಅಲ್ಪ, ನೋವು ನಿರಂತರ, ಕೀಲಿನ ನಡೆಯಲ್ಲಿ ವಿಕಾರ. ಇಂದಿನವರು ಅಸ್ಥಿರಜ್ಜುವಿನ ಪೆಟ್ಟು ಎನ್ನುವುದಕ್ಕೆ ಇದು ಬಹಳ ಹತ್ತಿರದ ವರ್ಣನೆಯೆಂದು ನನಗೆ ತೋರುತ್ತದೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ ದೇಹವೂ ತನ್ನ ಬಂಧನಗಳಿಂದಲೇ ಭಾರ ಹೊರುತ್ತದೆಂಬ ಅವನ ಉಪಮೆಯನ್ನು ಯಾವ ಕವಿಯಾದರೂ ತನ್ನದೆಂದು ಹೇಳಿಕೊಳ್ಳಬಹುದು.

ಈಗ ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಹೋಗೋಣ. ಅಲ್ಲಿ ಇವಾನ್ ಥಾಮಸ್ ಎಂಬ ಮೂಳೆ ಕಟ್ಟುವವನಿದ್ದ. ನಮ್ಮ ಅಜ್ಜನಂತೆಯೇ ಪದವಿಯಿಲ್ಲದವನು. ಆತನ ಮಗ ಹ್ಯೂ ಓವನ್ ಥಾಮಸ್ ವೈದ್ಯಶಾಸ್ತ್ರ ಓದಿದ. ಮನೆತನದ ಕೈವಿದ್ಯೆಯನ್ನು ಬಿಡದೆ, 1875ರಲ್ಲಿ ಸೊಂಟ, ಮಂಡಿ, ಹರಡುಗಳ ರೋಗವನ್ನು ಕುರಿತು ಗ್ರಂಥ ಬರೆದ. ರೋಗಿಯನ್ನು ಅಂಗಾತ ಮಲಗಿಸಿ ಒಳ್ಳೆಯ ತೊಡೆಯನ್ನು ಎದೆಯ ಕಡೆಗೆ ಮಡಿಸಿದರೆ, ಸೆಡೆತುಕೊಂಡ ಸೊಂಟದ ಕಡೆಯ ತೊಡೆ ತಾನಾಗಿ ಮೇಲೇಳುತ್ತದೆ. ಇದು ಇಂದಿಗೂ ‘ಥಾಮಸ್ ಪರೀಕ್ಷೆ’. ಅವನ ಹೆಂಡತಿಯ ತೌರಿನ ಕಡೆಯ ಹುಡುಗ ರಾಬರ್ಟ್ ಜೋನ್ಸ್ ಅವನಲ್ಲಿ ಕಲಿತ. ಜೋನ್ಸನ ಕೈಕೆಳಗೆ ಮೆಕ್‌ಮರ್ರಿ ಪಳಗಿದ. ಪೂರ್ತಿ ಮಡಿಸಿದ ಮಂಡಿಯನ್ನು ಪಾದ ಹಿಡಿದು ತಿರುಗಿಸುತ್ತ ನೀಡಿದರೆ, ಒಳಗಿನ ಮೆದುಮೂಳೆ ಹರಿದಿದ್ದಲ್ಲಿ ಬೆರಳಿಗೆ ‘ಟಕ್’ ಎಂದು ತಾಕುವುದೆಂದು ಆತ 1942ರಲ್ಲಿ ಪ್ರಕಟಿಸಿದ. ಹೀಗೆ ಪದವಿಯಿಲ್ಲದ ಮನೆಯೊಂದರ ವಿದ್ಯೆ ಎರಡು ಮೂರು ತಲೆಮಾರಿನಲ್ಲಿ ಪಠ್ಯವಾಯಿತು.

ಮಂಡಿಯೊಳಗೆ ಅಡ್ಡಡ್ಡ ಹಾಯುವ ಕಟ್ಟುಗಳ ಪರೀಕ್ಷೆಯ ಕಥೆಯೂ ಸ್ವಾರಸ್ಯದ್ದು. ಮಂಡಿಯನ್ನು ಕೊಂಚವೇ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಿಂದ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುವ ಕ್ರಮವನ್ನು ನೂಲಿಸ್ ಎಂಬ ಗ್ರೀಕ್ ವೈದ್ಯ 1875ರಲ್ಲಿಯೇ ಪ್ಯಾರಿಸ್ಸಿಗೆ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದ್ದ. ಅದು ಮರೆತುಹೋಗಿ, 1976ರಲ್ಲಿ ಅಮೆರಿಕದ ಟಾರ್ಗ್ ತನ್ನ ಗುರು ಲ್ಯಾಕ್‌ಮನ್ನನ ಹೆಸರಿನಲ್ಲಿ ಅದನ್ನೇ ಪ್ರಕಟಿಸಿದ. ಗುರುವಿನ ಹೆಸರು ಉಳಿಯಿತು, ನೂಲಿಸ್ ಅಡಿಟಿಪ್ಪಣಿಯಾದ. ಸಾಹಿತ್ಯಚರಿತ್ರೆಯಲ್ಲಿಯೂ ಇಂಥವನ್ನು ನಾವು ಕಂಡಿಲ್ಲವೇ? ಈ ಪರೀಕ್ಷೆಯಲ್ಲಿಯೂ ಅಳತೆಗೋಲು ರೋಗಿಯ ಇನ್ನೊಂದು ಮಂಡಿಯೇ. ಎರಡನ್ನೂ ಎಳೆದು ನೋಡದೆ ಸಡಿಲವೆಂದು ಹೇಳಲಾಗದು.

ಅಣ್ಣನ ಕೈಗೆ ಬರುತ್ತೇನೆ. ಅಜ್ಜ ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಬಳಿದು, ಬಿದಿರ ದಬ್ಬೆಯಿಟ್ಟು ಬಟ್ಟೆ ಬಿಗಿದ. ಒಂಬತ್ತು ದಿನ ಬಿಚ್ಚಕೂಡದೆಂದು ಹೇಳಿ ಕಳುಹಿಸಿದ. ಅಂದು ರಾತ್ರಿಯೇ ಅಣ್ಣನ ಬೆರಳುಗಳು ನೀಲಿಗಟ್ಟಿದವು. ಅವನ ಅಳು ಇಡೀ ಕೇರಿಗೆ ಕೇಳಿಸಿತು. ಕಟ್ಟು ಬಿಚ್ಚಲು ತಂದೆಯವರಿಗೆ ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಶಿವಮೊಗ್ಗದ ಆಸ್ಪತ್ರೆಗೆ ಹೋದಾಗ ಎಕ್ಸ್‌ರೇ ಅಜ್ಜನ ಮಾತನ್ನೇ ಹೇಳಿತು: ಕೀಲು ಸರಿಯಿದೆ, ಮುರಿದದ್ದು ಮೇಲ್ಗಡೆ. ಆದರೆ ಮಾಂಸಖಂಡಗಳು ರಕ್ತ ಕಾಣದೆ ಸತ್ತಿದ್ದವು. ಬಿಗಿಯಾದ ಕಟ್ಟಿನಿಂದ ಕೈ ಹೀಗೆ ಸೆಡೆಯುವುದನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿಯೇ ವಿವರಿಸಿದ್ದ. ಮಣಿಕಟ್ಟಿನ ನಾಡಿ ನೋಡುವುದು, ಬೆರಳನ್ನು ಮೆಲ್ಲನೆ ನೀಡಿ ನೋವು ತೀರಾ ಹೆಚ್ಚುವುದೇ ಎಂದು ಕೇಳುವುದು, ಈ ಎರಡು ಪರೀಕ್ಷೆಗಳು ಅಜ್ಜನ ಬೆರಳಿಗೆ ಗೊತ್ತಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಇನ್ನೊಂದು ಸಂಗತಿ. ಸಡಿಲವಾದ ಕಟ್ಟಿನಿಂದ ಸಂಧಿ ನಿಲ್ಲದು, ಗಾಢವಾದ ಕಟ್ಟಿನಿಂದ ಬಾವು, ನೋವು, ಕೀವು ತಪ್ಪದು, ಆದ್ದರಿಂದ ಕಟ್ಟು ಹದವಾಗಿರಬೇಕೆಂದು ಸುಶ್ರುತ ಬರೆದಿದ್ದಾನೆ. ಋತುವಿಗೆ ತಕ್ಕಂತೆ ಏಳು, ಐದು ಅಥವಾ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕೆಂದೂ ಹೇಳಿದ್ದಾನೆ. ಗ್ರಂಥವನ್ನು ಓದಬಲ್ಲವರು ಮೂಳೆ ಮುಟ್ಟುತ್ತಿರಲಿಲ್ಲ. ಮುಟ್ಟುವವನಿಗೆ ಗ್ರಂಥ ದಕ್ಕಿರಲಿಲ್ಲ.

ಅಣ್ಣ ಒಂದೇ ಕೈಯಲ್ಲಿ ತೆಂಗಿನ ತೋಟ ಮಾಡಿದ. ಎಡಗೈಯ ಬೆರಳುಗಳು ಒಳಮಡಿಸಿಯೇ ಉಳಿದವು. ಅಜ್ಜ ತೀರಿಕೊಂಡನೆಂದು ಕೇಳಿ ಮಣ್ಣಿಗೆ ಹೋಗಿ ಬಂದವನೂ ಅವನೇ. ನಾನು ತಡವಾಗಿ ಹೋದೆ. ಆ ಮೂರು ಬೆರಳು ಎಲ್ಲೆಲ್ಲಿ ಇಡುತ್ತಿದ್ದರು, ನಿಮಗೆ ಗೊತ್ತೇ ಎಂದು ಅಜ್ಜನ ಮಗನನ್ನು ಕೇಳಿದೆ. ಅವರು ಅಡಿಕೆ ವ್ಯಾಪಾರದಲ್ಲಿದ್ದರು. “ಯಾರಿಗೂ ಹೇಳಿಕೊಡಬಾರದು ಅಂತಿದ್ರು ಮೇಷ್ಟ್ರೇ, ನನಗೂ ಹೇಳಿಕೊಡಲಿಲ್ಲ” ಎಂದರು.