ಹಿಮಾ: ಕುದುರೆಗಳಿಗಾಗಿ ಕಾದಿರಿಸಿದ ಹುಲ್ಲು



ಇಸ್ಲಾಮೀ ಇತಿಹಾಸ ಎಂದೊಡನೆ ನಾವು ಯುದ್ಧಗಳ ಹೆಸರು, ಇಸವಿ, ಸೇನಾಪತಿಗಳ ಹೆಸರುಗಳನ್ನು ಕಂಠಪಾಠ ಮಾಡಲು ತೊಡಗುತ್ತೇವೆ. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಮುಸ್ಲಿಮರ ಬಳಿ ಇದ್ದುದು ಎರಡೇ ಕುದುರೆಗಳು ಎಂದು ಇತಿಹಾಸಕಾರರು ಬರೆದಿದ್ದಾರೆ. ಆರು ವರ್ಷಗಳ ನಂತರ, 630ರಲ್ಲಿ ತಬೂಕ್‌ಗೆ ಹೊರಟ ಸೈನ್ಯದಲ್ಲಿ 10,000 ಕುದುರೆಗಳಿದ್ದವು ಎಂದೂ ಅವರೇ ಬರೆಯುತ್ತಾರೆ. ಈ ಎರಡು ಅಂಕಿಗಳನ್ನು ಪರೀಕ್ಷೆಗಾಗಿ ಓದಿ ಮುಂದೆ ಹೋಗುವ ವಿದ್ಯಾರ್ಥಿ ಒಂದು ಸರಳ ಪ್ರಶ್ನೆಯನ್ನು ಕೇಳುವುದಿಲ್ಲ: ಇಷ್ಟು ಕುದುರೆಗಳು ತಿನ್ನುತ್ತಿದ್ದುದಾದರೂ ಏನನ್ನು?

ಲೆಕ್ಕ ಹಾಕಿ ನೋಡಿ. 400 ಕಿಲೋ ತೂಕದ ಒಂದು ಕುದುರೆಗೆ ದಿನಕ್ಕೆ ಸುಮಾರು 8 ಕಿಲೋ ಒಣಮೇವು ಬೇಕು. ಸಾವಿರ ಕುದುರೆಗಳಿದ್ದರೆ ದಿನಕ್ಕೆ 8 ಟನ್. ಮಳೆಯೇ ಅಪರೂಪವಾದ ಅರೇಬಿಯಾದಲ್ಲಿ ಇದು ಚಿಕ್ಕ ಮಾತಲ್ಲ. ಅದರಲ್ಲೂ ಕುದುರೆ ಮೇಯುವ ಬಗೆ ಬೇರೆ. ಹಸು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಳ್ಳುತ್ತದೆ. ಕುದುರೆಗೆ ಮೇಲೂ ಕೆಳಗೂ ಮುಂಬಲ್ಲುಗಳಿರುವುದರಿಂದ ಅದು ಹುಲ್ಲನ್ನು ನೆಲಕ್ಕೆ ಹತ್ತಿರವಾಗಿ ಕತ್ತರಿಸಿಬಿಡುತ್ತದೆ. ಹುಲ್ಲು ಬುಡದಿಂದ ಚಿಗುರುವ ಸಸ್ಯ. ಬುಡ ಉಳಿದರೆ ಮತ್ತೆ ಬರುತ್ತದೆ, ಬುಡವನ್ನೇ ಪದೇ ಪದೇ ಕತ್ತರಿಸಿದರೆ ಬೇರು ಸೊರಗಿ ನೆಲ ಬರಡಾಗುತ್ತದೆ. ಆದ್ದರಿಂದ ಕುದುರೆ ಸಾಕುವವನು ಹುಲ್ಲನ್ನು ಬೆಳೆಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ವಿಶ್ರಾಂತಿ ಕೊಡುವುದನ್ನು ಕಲಿಯಬೇಕು. ಇದನ್ನು ಅರಬರು ಬಹಳ ಹಿಂದೆಯೇ ಅರಿತಿದ್ದರು. ಹಾಗೆ ಮೇಯಿಸದೆ ಕಾದಿರಿಸಿದ ನೆಲಕ್ಕೆ ಅವರು 'ಹಿಮಾ' ಎನ್ನುತ್ತಿದ್ದರು.

ಇದು ಹಿಮಾಲಯದ ಹಿಮವಲ್ಲ. ಉರ್ದು ಬಲ್ಲವರಿಗೆ 'ಹಿಮಾಯತ್' ಎಂಬ ಪದ ಗೊತ್ತು, ಒಬ್ಬರ ಬೆಂಬಲಕ್ಕೆ ನಿಲ್ಲುವುದು, ರಕ್ಷಿಸುವುದು ಎಂದರ್ಥ. ಎರಡರ ಮೂಲಧಾತು ಒಂದೇ. ಹಿಮಾ ಎಂದರೆ ರಕ್ಷಿತವಾದದ್ದು, ಇತರರಿಗೆ ಪ್ರವೇಶ ತಡೆದದ್ದು.

ಆದರೆ ರಕ್ಷಣೆ ಯಾರಿಗಾಗಿ? ಅಜ್ಞಾನ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು, ಬಲಿಷ್ಠನಿಗಾಗಿ. ಗೋತ್ರದ ಮುಖ್ಯಸ್ಥನೊಬ್ಬ ಹಸಿರು ಕಂಡಲ್ಲಿ ಎತ್ತರದ ಜಾಗಕ್ಕೆ ತನ್ನ ನಾಯಿಯನ್ನು ಒಯ್ದು ಬೊಗಳಿಸುತ್ತಿದ್ದ. ಆ ಸದ್ದು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ಹುಲ್ಲು ಅವನದು. ಉಳಿದ ನೆಲದಲ್ಲಿ ಮಾತ್ರ ಅವನ ಜಾನುವಾರು ಎಲ್ಲರ ಜೊತೆಗೂ ಮೇಯಬಹುದು. ತಗ್ಲಿಬ್ ಗೋತ್ರದ ವಾಇಲ್ ಎಂಬವನಿಗೆ ಇದರಿಂದಲೇ 'ಕುಲೈಬ್', ಅಂದರೆ ನಾಯಿಮರಿ ಎಂಬ ಹೆಸರು ಅಂಟಿಕೊಂಡಿತೆಂದು ಹೇಳುತ್ತಾರೆ. ಅವನ ಹಿಮಾದೊಳಗೆ ಬಸೂಸ್ ಎಂಬ ಮಹಿಳೆಯ ಅತಿಥಿಯ ಒಂಟೆಯೊಂದು ನುಗ್ಗಿತು. ಕುಲೈಬ್ ಅದರ ಕೆಚ್ಚಲಿಗೆ ಬಾಣ ಬಿಟ್ಟ. ಬಸೂಸ್‌ಳ ಸಂಬಂಧಿ ಜಸ್ಸಾಸ್ ಕುಲೈಬ್‌ನನ್ನೇ ಕೊಂದ. ಬಕ್ರ್ ಮತ್ತು ತಗ್ಲಿಬ್ ಗೋತ್ರಗಳ ನಡುವೆ ಇದರಿಂದ ಹೊತ್ತಿಕೊಂಡ ಕಾಳಗ 40 ವರ್ಷ ನಡೆಯಿತೆಂಬುದು ಅರಬರ ಪರಂಪರೆಯ ಮಾತು. ಒಂದು ಹಿಡಿ ಹುಲ್ಲಿಗಾಗಿ ಎರಡು ತಲೆಮಾರು!

ಪ್ರವಾದಿ ಮುಹಮ್ಮದ್(ಸ) ಈ ಪದ್ಧತಿಯ ಬೇರಿಗೇ ಕೈಹಾಕಿದರು. ಅಲ್ಲಾಹ್ ಮತ್ತು ಅವನ ರಸೂಲರಿಗೆ ಹೊರತು ಬೇರೆ ಯಾರಿಗೂ ಹಿಮಾ ಇಲ್ಲವೆಂದು ಅವರು ಸಾರಿದ ವಿಷಯ ಸಹೀಹ್ ಬುಖಾರಿಯಲ್ಲಿದೆ. ಅಂದರೆ ಯಾವ ಮುಖ್ಯಸ್ಥನೂ ತನಗಾಗಿ ಹುಲ್ಲುಗಾವಲನ್ನು ಮುಚ್ಚುವಂತಿಲ್ಲ. ಸಾರ್ವಜನಿಕ ಅಗತ್ಯಕ್ಕೆ ಮಾತ್ರ ಮುಚ್ಚಬಹುದು. ಅದರಂತೆ ಮದೀನಾದ ದಕ್ಷಿಣಕ್ಕೆ, ಅಕೀಕ್ ಕಣಿವೆಯ ಮೇಲ್ಭಾಗದಲ್ಲಿರುವ ನಕೀಅ್ ಎಂಬ ಸ್ಥಳವನ್ನು ಅವರು ಮುಸ್ಲಿಮರ ಕುದುರೆಗಳಿಗಾಗಿ ಮೀಸಲಿಟ್ಟರು. ಸ್ಥಳದ ಆಯ್ಕೆಯನ್ನು ಗಮನಿಸಿ. ನಕೀಅ್ ಎಂದರೆ ನೀರು ನಿಂತು ಇಂಗುವ ತಾವು. ಕಣಿವೆಯ ನೀರು ಅಲ್ಲಿ ತಂಗಿ, ಇಂಗಿದ ಮೇಲೆ ಹುಲ್ಲು ಏಳುತ್ತದೆ. ಬಿತ್ತನೆ ಬೇಡ, ಬಾವಿ ಬೇಡ, ಬೇಕಾದದ್ದು ಕಾಯುವ ಒಬ್ಬ ಮನುಷ್ಯ ಮಾತ್ರ.

ಆ ಕಾಯುವ ಮನುಷ್ಯನ ವಿಷಯಕ್ಕೇ ಬರೋಣ. ಇಡೀ ವಿಷಯದ ತಿರುಳು ಅಲ್ಲಿದೆ.

ಹ. ಉಮರ್(ರ) ಅವರ ಖಿಲಾಫತ್ ಕಾಲದಲ್ಲಿ (634-644) ಸೈನ್ಯ ಬೆಳೆಯಿತು, ಝಕಾತ್‌ನಿಂದ ಬಂದ ಒಂಟೆಗಳ ಸಂಖ್ಯೆಯೂ ಬೆಳೆಯಿತು. ಅವರು ಶರಫ್ ಮತ್ತು ರಬಝಾ ಎಂಬ ಕಡೆಗಳಲ್ಲಿ ಹೊಸ ಹಿಮಾಗಳನ್ನು ಮಾಡಿದರು. ಒಂದು ಹಿಮಾದ ಮೇಲ್ವಿಚಾರಣೆಗೆ ಹುನೈ ಎಂಬ, ತಾವು ವಿಮೋಚನೆಗೊಳಿಸಿದ ಒಬ್ಬ ಗುಲಾಮನನ್ನು ನೇಮಿಸಿದರು. ನೇಮಿಸುವಾಗ ಕೊಟ್ಟ ಸೂಚನೆಗಳೂ ಬುಖಾರಿಯಲ್ಲಿ ದಾಖಲಾಗಿವೆ. ಅವುಗಳ ಸಾರಾಂಶ ಹೀಗಿದೆ. ಜನರೊಂದಿಗೆ ಮೃದುವಾಗಿರು. ಅನ್ಯಾಯಕ್ಕೊಳಗಾದವನ ಪ್ರಾರ್ಥನೆಗೆ ಹೆದರು, ಅದು ಸ್ವೀಕೃತವಾಗುತ್ತದೆ. ಕೆಲವೇ ಒಂಟೆ, ಕೆಲವೇ ಕುರಿಗಳಿರುವವನನ್ನು ಒಳಗೆ ಬಿಡು. ಆದರೆ ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನ್‌ರ ಜಾನುವಾರುಗಳನ್ನು ಮಾತ್ರ ಬಿಡಬೇಡ.

ಈ ಇಬ್ಬರು ಯಾರೆಂದು ವಿದ್ಯಾರ್ಥಿಗಳಿಗೆ ನೆನಪಿಸಬೇಕು. ಒಬ್ಬರು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ), ಇನ್ನೊಬ್ಬರು ಮುಂದೆ ಮೂರನೆಯ ಖಲೀಫರಾದ ಹ. ಉಸ್ಮಾನ್(ರ). ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಹತ್ತು ಸಹಾಬಿಗಳಲ್ಲಿ ಸೇರಿದವರು, ದಾನದಲ್ಲಿ ಎತ್ತಿದ ಕೈ. ಅವರ ಮೇಲೆ ಉಮರ್(ರ) ಅವರಿಗೆ ಯಾವ ಕೋಪವೂ ಇರಲಿಲ್ಲ. ಕಾರಣವನ್ನು ಅವರೇ ವಿವರಿಸಿದರು: ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ನಾಲ್ಕು ಕುರಿ ಸತ್ತರೆ ಅವನು ಮಕ್ಕಳನ್ನು ಕರೆತಂದು ಅಮೀರುಲ್ ಮೂಮಿನೀನರೇ ಎಂದು ನನ್ನ ಮುಂದೆ ನಿಲ್ಲುತ್ತಾನೆ, ನಾನು ಅವನನ್ನು ಕೈಬಿಡಲಾದೀತೇ? ಅವನಿಗೆ ಬೈತುಲ್ ಮಾಲ್‌ನಿಂದ ಬೆಳ್ಳಿ ಬಂಗಾರ ಕೊಡುವುದಕ್ಕಿಂತ ನೀರು, ಹುಲ್ಲು ಕೊಡುವುದು ನನಗೆ ಸುಲಭ. ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಿಕೊಂಡರು. ಈ ನೆಲ ಇಲ್ಲಿನ ಜನರದು, ಇಸ್ಲಾಮಿಗೆ ಮೊದಲೂ ಅವರು ಇದಕ್ಕಾಗಿ ಹೋರಾಡಿದವರು, ನಾನು ಅನ್ಯಾಯ ಮಾಡಿದೆನೆಂದು ಅವರಿಗೆ ಅನ್ನಿಸುತ್ತಿದೆ. ಅಲ್ಲಾಹನ ಮಾರ್ಗದಲ್ಲಿ ಜನರನ್ನು ಹತ್ತಿಸಿ ಕಳುಹಿಸಬೇಕಾದ ಪ್ರಾಣಿಗಳಿಲ್ಲದಿದ್ದರೆ ಅವರ ಒಂದು ಗೇಣು ನೆಲವನ್ನೂ ನಾನು ಮುಚ್ಚುತ್ತಿರಲಿಲ್ಲ.

ಸರಕಾರಿ ಕೆಲಸಕ್ಕೆ ಭೂಮಿ ತೆಗೆದುಕೊಳ್ಳುವವರು ಇಷ್ಟು ನೇರವಾಗಿ ಮಾತನಾಡಿದ್ದನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ವಿವಾದವೇ ಇರಲಿಲ್ಲವೆಂದಲ್ಲ. ಹ. ಉಸ್ಮಾನ್(ರ) ಖಲೀಫರಾಗಿದ್ದಾಗ ಈಜಿಪ್ಟಿನಿಂದ ಬಂದ ಆಕ್ಷೇಪಕರು ಎತ್ತಿದ ದೂರುಗಳಲ್ಲಿ ಹಿಮಾವೂ ಒಂದು. ಝಕಾತ್‌ನ ಒಂಟೆಗಳು ಹೆಚ್ಚಾದವು, ಅದಕ್ಕಾಗಿ ಹಿಮಾವನ್ನು ವಿಸ್ತರಿಸಿದೆ ಎಂದು ಅವರು ಉತ್ತರಿಸಿದರು. ಹುಲ್ಲುಗಾವಲಿನ ಮೇರೆ ರಾಜಕೀಯದ ಪ್ರಶ್ನೆಯಾಗುವುದು ಹೊಸದಲ್ಲ. ಮುಂದೆ ಬಗ್ದಾದಿನ ನ್ಯಾಯಶಾಸ್ತ್ರಜ್ಞ ಅಲ್ ಮಾವರ್ದಿ (ಮರಣ 1058) ಆಡಳಿತ ನಿಯಮಗಳ ಕುರಿತ ತನ್ನ ಗ್ರಂಥದಲ್ಲಿ ಹಿಮಾಕ್ಕೆಂದೇ ಒಂದು ಅಧ್ಯಾಯ ಬರೆದರು. ಹಿಮಾವನ್ನು ಎಲ್ಲರಿಗೂ ತೆರೆಯಬಹುದು, ಶ್ರೀಮಂತರನ್ನು ತಡೆದು ಬಡವರಿಗೆ ಮಾತ್ರವೂ ಇಡಬಹುದು, ಆದರೆ ಬಡವರನ್ನು ತಡೆದು ಶ್ರೀಮಂತರಿಗೆ ಇಡುವಂತಿಲ್ಲ ಎಂಬುದು ಅವರ ತೀರ್ಮಾನ. ಉಮರ್(ರ) ಅವರು ಹುನೈಗೆ ಹೇಳಿದ್ದು ಹೀಗೆ ಕಾನೂನಾಯಿತು.

ಸೈನ್ಯದ ಕುದುರೆಗಳ ಕಾಲ ಕಳೆದ ಮೇಲೂ ಅರೇಬಿಯಾದ ಹಳ್ಳಿಗಳು ಹಿಮಾವನ್ನು ಉಳಿಸಿಕೊಂಡವು. ಕೆಲವು ಕಡೆ ಮೇಯಿಸುವುದು ಪೂರ್ಣ ನಿಷೇಧ, ಬರಗಾಲದಲ್ಲಿ ಮಾತ್ರ ಕುಡುಗೋಲಿನಿಂದ ಕೊಯ್ದು ಒಯ್ಯಬಹುದು. ಕೆಲವು ಕಡೆ ಹುಲ್ಲು ಬೀಜ ಕಟ್ಟಿದ ಮೇಲೆ ತೆರೆಯುತ್ತಿದ್ದರು. ಇನ್ನು ಕೆಲವು ಕಡೆ ವರ್ಷವಿಡೀ ಪ್ರವೇಶ, ಆದರೆ ಜಾನುವಾರುಗಳ ಸಂಖ್ಯೆಗೆ ಮಿತಿ. ಜೇನಿಗಾಗಿ ಹೂಬಿಡುವ ಕಾಲದಲ್ಲಿ ಮುಚ್ಚುವ ಹಿಮಾಗಳೂ ಇದ್ದವು. ಸೌದಿ ಸರಕಾರ 1953ರಲ್ಲಿ ಈ ಹಳ್ಳಿ ಹಿಮಾಗಳನ್ನು ಎಲ್ಲರಿಗೂ ತೆರೆಯಿತು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಕಾಯುವವರಿಲ್ಲದ ಹುಲ್ಲುಗಾವಲುಗಳು ಬಹುಬೇಗ ಬೋಳಾದವು. 1960ರ ದಶಕದಲ್ಲಿ ಅವುಗಳನ್ನು ಅಧ್ಯಯನ ಮಾಡಿದ ಉಮರ್ ದರಾಝ್ ಎಂಬ ತಜ್ಞರು ಉಳಿದ ಹಿಮಾಗಳ ಬೇಲಿಯ ಒಳಗೂ ಹೊರಗೂ ಇದ್ದ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿದರು. ಸಿರಿಯಾದಲ್ಲಿ ಅವರ ಸಲಹೆಯಂತೆ ಹಿಮಾ ಪದ್ಧತಿಯನ್ನು ಸಹಕಾರಿ ಸಂಘಗಳ ಮೂಲಕ ಮತ್ತೆ ಆರಂಭಿಸಲಾಯಿತು.

ಈಗ ನಮ್ಮ ನಾಡಿಗೆ ಬನ್ನಿ. ಕನ್ನಡದಲ್ಲಿ ಇಂತಹ ನೆಲಕ್ಕೆ ಏನೆನ್ನುತ್ತೇವೆ? 'ಕಾವಲು'. ಹುಲ್ಲುಗಾವಲು ಎಂಬ ಪದದಲ್ಲಿಯೂ ಅದೇ ಇದೆ, ಕಾಯ್ದ ಹುಲ್ಲು. ಅರಬ್ಬಿಯ ಪರಿಚಯವೇ ಇಲ್ಲದೆ ನಮ್ಮ ದನಗಾಹಿಗಳು ಹಿಮಾದ ಅರ್ಥವನ್ನೇ ತಲುಪಿದ್ದಾರೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನರು 'ಅಮೃತ ಮಹಲ್' ಎಂದು ಹೆಸರಿಟ್ಟರು. ಅದು ಫಿರಂಗಿ, ಸಾಮಾನು ಎಳೆಯುವ ಎತ್ತುಗಳ ಇಲಾಖೆ. ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ಒಂದು ಮೇಯುತ್ತಿರುವಾಗ ಮತ್ತೊಂದಕ್ಕೆ ವಿಶ್ರಾಂತಿ. ಕುದುರೆಗಳ ವಿಷಯಕ್ಕೆ ಬಂದರೆ, ಕುಣಿಗಲ್‌ನ ಪ್ರಸಿದ್ಧ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕಾಗಿ ಆರಂಭವಾಯಿತೆಂದು ಹೇಳಲಾಗುತ್ತದೆ. ಮುಂದೆ ಅಲ್ಲಿ ಓಟದ ಕುದುರೆಗಳು ಬೆಳೆದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೃತ ಮಹಲ್ ಕಾವಲುಗಳು 4 ಲಕ್ಷ ಎಕರೆಗೂ ಹೆಚ್ಚಿದ್ದವು. ಅದರಲ್ಲಿ ಬಹುಭಾಗ ಕರಗಿಹೋಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸುತ್ತಲಿನ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು 2008ರಿಂದ ಈಚೆಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ದೇಶಕ್ಕೆ ಅವೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರಿಗೆ ಗೋಡೆ ಎದ್ದ ಮೇಲೆಯೇ ಎಷ್ಟೋ ಸಂಗತಿ ತಿಳಿಯಿತು. ಪ್ರಕರಣ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. ಕೆಲವೇ ಕುರಿಗಳಿರುವವನನ್ನು ಒಳಗೆ ಬಿಡು ಎನ್ನುವವರು ಆ ಗೋಡೆಯ ಬಾಗಿಲಲ್ಲಿ ಇರಲಿಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸವಿದೆ. ನಮ್ಮ ಭೂಕಂದಾಯ ನಿಯಮಗಳಲ್ಲಿ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕೆಂದಿದೆ. ಗ್ರಾಮ ಆಡಳಿತಾಧಿಕಾರಿಗಳ ಬಳಿ ಹೋಗಿ ನಿಮ್ಮ ಊರಿನ ಯಾವ ಸರ್ವೆ ನಂಬರುಗಳು ಗೋಮಾಳ ಅಥವಾ ಕಾವಲು ಎಂದು ದಾಖಲಾಗಿವೆ, ಎಷ್ಟು ಎಕರೆ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಅಲ್ಲಿಗೆ ನಡೆದುಹೋಗಿ ಈಗ ಏನಿದೆ ನೋಡಿ. ಊರಿನ ಹಿರಿಯ ಕುರಿಗಾಹಿಯೊಬ್ಬರು ಜೊತೆಗೆ ಬಂದರೆ ಮೇರೆ ಕಲ್ಲುಗಳನ್ನು ಅವರೇ ತೋರಿಸುತ್ತಾರೆ.