ಹಾಸನ ಸೀಮೆಯಲ್ಲಿ ಕ್ರೈಸ್ತಸಭೆಯ ಪುನರುದ್ಧಾರ

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಉತ್ತರದಲ್ಲಿ, ಕೂಗಳತೆಗೆ ಸ್ವಲ್ಪ ಮಿಗಿಲಾದ ದೂರದಲ್ಲಿ, ಜಿನನಾಥಪುರವೆಂಬ ಗ್ರಾಮವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 12ನೆಯ ಶತಮಾನದ ಆದಿಭಾಗದಲ್ಲಿ ಇದನ್ನು ನೆಲೆಗೊಳಿಸಿದನು; ಇಲ್ಲಿಯ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ದಂಡಾಧಿಪ ರೇಚಣನು ಕಟ್ಟಿಸಿದನು. ಗಂಗವಾಡಿಯಲ್ಲಿ ಹಾಳಾಗಿದ್ದ ಬಸದಿಗಳನ್ನೆಲ್ಲ ಗಂಗರಾಜನು ಜೀರ್ಣೋದ್ಧಾರ ಮಾಡಿಸಿದನೆಂದು ಬೆಳಗೊಳದ ಶಾಸನಗಳು ಅವನನ್ನು ಕೊಂಡಾಡುತ್ತವೆ. ಹೊಸತನ್ನು ಕಟ್ಟಿಸಿದವನಿಗಿಂತ ಹಳೆಯದನ್ನು ಉಳಿಸಿದವನ ಪುಣ್ಯವು ಕಡಮೆಯದಲ್ಲವೆಂಬ ಭಾವನೆಯು ಈ ಸೀಮೆಯಲ್ಲಿ ಅಷ್ಟು ಹಳೆಯದು. ಆದರೆ ಕಲ್ಲಿನ ಕಟ್ಟಡವನ್ನು ಉದ್ಧರಿಸುವುದು ಬೇರೆ. ಚೆದರಿ, ಹೆದರಿ, ತನ್ನ ಧರ್ಮವನ್ನು ಬಾಯಿಬಿಟ್ಟು ಹೇಳಲೂ ಅಂಜಿದ ಒಂದು ಜನಸಮೂಹವನ್ನು ಉದ್ಧರಿಸುವುದು ಬೇರೆ. ಈ ಎರಡನೆಯ ಬಗೆಯ ಜೀರ್ಣೋದ್ಧಾರಕ್ಕೂ ಹಾಸನ ಜಿಲ್ಲೆಯಲ್ಲಿಯೇ ಒಂದು ನಿದರ್ಶನವುಂಟು. ಅದು ಹಾಸನದ ಸಮೀಪದ ಸಾತಳ್ಳಿಯ ಕ್ರೈಸ್ತರದು.

ಮೈಸೂರು ಸೀಮೆಯಲ್ಲಿ ಕ್ರೈಸ್ತಸಭೆಯ ಕ್ರಮವಾದ ಚರಿತ್ರೆಯು 17ನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾಗುತ್ತದೆ. ಇಟಲಿ ದೇಶದ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿಯವರು ಗೋವೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಆ ಭಾಷೆಯ ವ್ಯಾಕರಣವನ್ನೂ ಧರ್ಮೋಪದೇಶದ ಕೃತಿಗಳನ್ನೂ ರಚಿಸಿದರು. ಅವರ ಕಾಲದಿಂದ ನೂರು ವರ್ಷಗಳಿಗೂ ಮೇಲೆ ಈ ಸಭೆಯು ಮೆಲ್ಲಮೆಲ್ಲನೆ ಬೆಳೆಯಿತು.

ಇದರ ಕ್ಷಯಕ್ಕೆ ಮೊದಲನೆಯ ಕಾರಣವು ಈ ದೇಶದಲ್ಲಿ ಹುಟ್ಟಿದುದಲ್ಲ. 1759ರಲ್ಲಿ ಪೋರ್ಚುಗಲ್ಲಿನ ಸರ್ಕಾರವು ಜೆಸ್ವಿಟರನ್ನು ತನ್ನ ಸೀಮೆಗಳಿಂದ ಹೊರಡಿಸಿತು. 1773ರಲ್ಲಿ ಪೋಪರು ಆ ಸಂಘವನ್ನೇ ರದ್ದುಮಾಡಿದರು. ಗೋವೆಯಿಂದ ಮೈಸೂರಿಗೆ ಬರುತ್ತಿದ್ದ ಗುರುಪರಂಪರೆಯು ಹೀಗೆ ಕಡಿದುಹೋಯಿತು. ಕಥೋಲಿಕ ಕ್ರೈಸ್ತರ ಮತಜೀವನದಲ್ಲಿ ಪಾಪನಿವೇದನೆ, ಪರಮಪ್ರಸಾದ ಮೊದಲಾದುವು ಗುರುವಿಲ್ಲದೆ ನಡೆಯುವಂತಿಲ್ಲ. ಗುರುಗಳು ವಿರಳವಾದಂತೆ ನಂಬಿಕೆಯು ಮನೆತನದ ವಾಡಿಕೆಯಾಗಿ ಮಾತ್ರ ಉಳಿಯಬೇಕಾಯಿತು. ಮುಂದೆ ಬಂದ ಪರೀಕ್ಷೆಯಲ್ಲಿ ಈ ಜನರು ಕುಸಿದುದನ್ನು ವಿಚಾರಿಸುವವರು ಈ ಹಿನ್ನೆಲೆಯನ್ನು ಮರೆಯಲಾಗದು.

ಆ ಪರೀಕ್ಷೆಯು ಬಂದುದು ಎರಡನೆಯ ಮೈಸೂರು ಯುದ್ಧದ ಅಂತ್ಯದಲ್ಲಿ. ಹೈದರಲ್ಲಿಯು ಕ್ರೈಸ್ತರನ್ನು ಬಹುಮಟ್ಟಿಗೆ ಆದರದಿಂದಲೇ ಕಂಡಿದ್ದನು. ಕೆನರಾ ತೀರದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯಮಾಡಿದರೆಂಬ ಸಂಶಯದಿಂದ ಟಿಪ್ಪುಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆಯನ್ನು ಕೆಲವರು 60,000ವೆಂದೂ ಕೆಲವರು ಅದರ ಅರ್ಧವೆಂದೂ ಹೇಳುತ್ತಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಬಹುಮಂದಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು. ಮೈಸೂರು ಸೀಮೆಯ ಚರ್ಚುಗಳೂ ನೆಲಸಮವಾದುವು. ಹದಿನೈದು ವರ್ಷಗಳ ಕಾಲ ಬಹಿರಂಗವಾದ ಕ್ರೈಸ್ತಜೀವನವೆಂಬುದು ಇಲ್ಲಿ ಬಹುಮಟ್ಟಿಗೆ ಇಲ್ಲವಾಯಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅಲ್ಲಿ ಉಳಿದಿದ್ದ ಕ್ರೈಸ್ತರು ತಮಗೊಬ್ಬ ಗುರುವನ್ನು ಬೇಡಿದರು. ಹಾಗೆ ಬಂದವರು ಅಬ್ಬೆ ದುಬಾಯ್ ಅವರು. 1765ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಇವರು ಪ್ಯಾರಿಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿ 1792ರಲ್ಲಿ ಇಂಡಿಯಾಕ್ಕೆ ಹೊರಟಿದ್ದರು. ಅವರ ಸ್ವದೇಶದಲ್ಲಿ ಮಹಾಕ್ರಾಂತಿಯು ಗುರುಗಳನ್ನು ಬೇಟೆಯಾಡುತ್ತಿದ್ದ ಕಾಲವದು. ದೇಶೀಯರ ಉಡುಪನ್ನುಟ್ಟು, ಮಾಂಸವನ್ನು ವರ್ಜಿಸಿ, ಜನರ ನಡುವೆ ಅವರಂತೆಯೇ ಬದುಕುವುದು ದುಬಾಯ್ ಅವರ ರೀತಿಯಾಗಿತ್ತು. ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನಿಂದ ಇವರನ್ನು ಕರೆಸಲಾಯಿತೆಂಬ ಹೇಳಿಕೆಯೂ ಇದೆ. 1800ರಲ್ಲಿ ಇವರು ಗಂಜಾಮಿನಲ್ಲಿ ಕಟ್ಟಿಸಿದ ಚರ್ಚು ಇಂದಿಗೂ ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ದುಬಾಯ್ ಅವರ ಮುಂದಿದ್ದ ಪ್ರಶ್ನೆಯು ಕಠಿನವಾದುದು. ಮತವನ್ನು ಬಿಟ್ಟವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುವುದು ಹೇಗೆ? ಹೊರಗಣ ಆಚಾರವನ್ನು ಮಾತ್ರ ಬಿಟ್ಟೆವು, ಅಂತರಂಗದಲ್ಲಿ ನಂಬಿಕೆಯನ್ನು ಬಿಡಲಿಲ್ಲ, ಎಂಬುದು ಹಿಂದಿರುಗಿ ಬಂದವರ ವಾದ. ಅಂತಹ ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರೇ ಬರೆದಿದ್ದಾರೆ. ಬಂದವರನ್ನು ಅವರು ತಿರಸ್ಕರಿಸಲಿಲ್ಲ. ಪುನರುದ್ಧಾರದ ಮೊದಲ ಮೆಟ್ಟಿಲು ಕ್ಷಮೆಯಾಯಿತು.

ಆದರೆ ಕ್ಷಮೆಯೊಂದರಿಂದಲೇ ಸಭೆಯು ನಿಲ್ಲದು. ಯುದ್ಧಗಳಲ್ಲಿ ಮನೆಮಠಗಳನ್ನು ಕಳೆದುಕೊಂಡವರಿಗೆ ನೆಲೆಯೂ ಜೀವನೋಪಾಯವೂ ಬೇಕಾಗಿದ್ದುವು. ದುಬಾಯ್ ಅವರು ಹಾಸನದ ಬಳಿ ಸಾತಳ್ಳಿಯಲ್ಲಿ ಕ್ರೈಸ್ತರ ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದುದರ ಮಹತ್ವವು ಇಲ್ಲಿದೆ. ಪಾಳೆಯದ ಸುತ್ತ ಅಲೆಯುವ ಜನಕ್ಕೆ ಗುರುವು ಬಂದಾಗ ಮಾತ್ರ ಸಭೆ. ಹೊಲವನ್ನು ಉತ್ತು ಒಂದೆಡೆ ನಿಂತ ಒಕ್ಕಲಿಗೆ ವರ್ಷವಿಡೀ ಸಭೆ. ಮಗುವಿನ ಜ್ಞಾನಸ್ನಾನ, ಮದುವೆ, ಮರಣ, ಹಬ್ಬ, ಎಲ್ಲವೂ ಒಂದೇ ಊರಿನ ನೆರೆಹೊರೆಯಲ್ಲಿ ನಡೆದಾಗ ನಂಬಿಕೆಯು ತಾಯಿಯಿಂದ ಮಗುವಿಗೆ ತಾನಾಗಿ ಇಳಿಯುತ್ತದೆ.

ಅವರ ಆರೈಕೆಯು ಕ್ರೈಸ್ತರಿಗೆ ಮಾತ್ರ ಮೀಸಲಾಗಿರಲಿಲ್ಲ. ಸಿಡುಬಿಗೆ ದೇವಿ ಹಾಕುವ ಪದ್ಧತಿಯು ಈ ದೇಶಕ್ಕೆ ಆಗತಾನೆ ಬಂದಿತ್ತು. ಜನರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. 1803–04ರಲ್ಲಿ ಮೈಸೂರು ಸೀಮೆಯಲ್ಲಿ ದುಬಾಯ್ ಅವರು 25,432 ಮಂದಿಗೆ ದೇವಿ ಹಾಕಿಸಿದುದಾಗಿ ಲೆಕ್ಕವಿದೆ. ಕ್ರೈಸ್ತರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಆ ಹೆಸರು 19ನೆಯ ಶತಮಾನದ ಕೊನೆಯವರೆಗೂ ಈ ಕಡೆಯ ಹಳ್ಳಿಗಳಲ್ಲಿ ಬಳಕೆಯಲ್ಲಿತ್ತು.

ಹೀಗಿದ್ದರೂ ತಮ್ಮ ಕಾರ್ಯವನ್ನು ಕುರಿತು ದುಬಾಯ್ ಅವರೇ ಕೊಟ್ಟ ತೀರ್ಪು ವಿಷಾದಕರವಾಗಿದೆ. 1823ರ ಜನವರಿಯಲ್ಲಿ ಅವರು ಸ್ವದೇಶಕ್ಕೆ ಹೊರಟರು; ಅದೇ ವರ್ಷ ಇಂಡಿಯಾದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದುವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಹೊಸದಾಗಿ ಸೇರಿಸಿದವರು 200–300 ಮಂದಿ ಮಾತ್ರ. ಅವರಲ್ಲಿಯೂ ಬಹುಮಂದಿ ಗತಿಯಿಲ್ಲದವರು. ಹಿಂದುಗಳು ಕ್ರೈಸ್ತರಾಗುವ ಕಾಲವು ಕಳೆದುಹೋಯಿತು ಎಂಬುದು ಆ ಪತ್ರಗಳ ಸಾರ. ಟಿಪ್ಪುವಿನ ಕಾಲದಲ್ಲಿ ಸಾವಿರಾರು ಜನರಲ್ಲಿ ಒಬ್ಬನಾದರೂ ಮತಕ್ಕಾಗಿ ಪ್ರಾಣವನ್ನೊಡ್ಡಲಿಲ್ಲವೆಂದು ಅವರು ಕಟುವಾಗಿ ಬರೆದರು. ಪ್ರಾಟೆಸ್ಟಂಟ್ ಮಿಷನರಿಗಳ ಪಕ್ಷದಿಂದ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದವರು 1824ರಲ್ಲಿಯೇ ಇದಕ್ಕೆ ಉತ್ತರ ಬರೆದರು.

ಆ ವಾದದಲ್ಲಿ ಎರಡು ಪಕ್ಷದವರೂ ಹೊಸ ಮತಾಂತರವನ್ನೇ ಅಳತೆಗೋಲಾಗಿ ಹಿಡಿದರು. ಆ ಕೋಲಿನಿಂದ ಅಳೆದರೆ ದುಬಾಯ್ ಅವರು ಸೋತವರೇ ಸರಿ. ಆದರೆ ಅವರು ಮಾಡಿದ ಕೆಲಸವು ಹೊಸಬರನ್ನು ಕೂಡಿಸುವುದಾಗಿರಲಿಲ್ಲ, ಇದ್ದವರನ್ನು ಉಳಿಸುವುದಾಗಿತ್ತು. ಮತಕ್ಕಾಗಿ ಸಾಯಲಾರದೆ ಹೋದವರನ್ನು ಅವರ ಲೇಖನಿಯು ಜರೆಯಿತು. ಅವರ ಕೈಗಳು ಅದೇ ಜನರಿಗೆ ದೇವಾಲಯವನ್ನೂ ಹೊಲವನ್ನೂ ಒದಗಿಸಿದುವು. ಚರಿತ್ರೆಯು ಲೇಖನಿಯ ಮಾತಿಗಿಂತ ಕೈಯ ಕೆಲಸಕ್ಕೆ ಹೆಚ್ಚು ಬೆಲೆಯನ್ನು ಕೊಡಬೇಕಾಗುತ್ತದೆ. ಹಿಂದುಗಳ ಆಚಾರವ್ಯವಹಾರಗಳನ್ನು ಕುರಿತು ಅವರಿಗೆ ಲೋಕಕೀರ್ತಿಯನ್ನು ತಂದ ಗ್ರಂಥದ ಬಹುಭಾಗವು ಜೆಸ್ವಿಟ್ ಗುರು ಕರ್ಡೂ ಅವರ ಬರೆಹವನ್ನು ಆಧರಿಸಿದುದೆಂದು ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಗ್ರಂಥದ ಕೀರ್ತಿಯಲ್ಲಿ ಹೀಗೆ ಪಾಲುದಾರರಿದ್ದರೂ ಸಾತಳ್ಳಿಯ ಕೀರ್ತಿಯು ಅವರದೇ.

ದುಬಾಯ್ ಅವರು 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ಮೇಲೆ, 1850ರಲ್ಲಿ, ಮೈಸೂರು ಸೀಮೆಯು ಪ್ರತ್ಯೇಕ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟಿತು. ಮೊದಲ ಅಧ್ಯಕ್ಷರಾದ ಷಾರ್ಬೊನೊ ಅವರ ಕಾಲದಲ್ಲಿ, 1861ರಲ್ಲಿ, ಲ್ಯಾಟಿನ್–ಕನ್ನಡ ನಿಘಂಟೊಂದು ಬೆಂಗಳೂರಿನಲ್ಲಿ ಅಚ್ಚಾಯಿತು. ಚಿನ್ನಾಮಿಯವರು ಕನ್ನಡವನ್ನು ಕಲಿತು ಆರಂಭಿಸಿದ ಕಾರ್ಯವು ಎರಡು ಶತಮಾನಗಳ ಮೇಲೆ ಹೀಗೆ ಮತ್ತೆ ಕೂಡಿಕೊಂಡಿತು. 1963ರಿಂದ ಹಾಸನದ ಸಭೆಯು ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದೆ.

ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ಸುಮಾರಿನಲ್ಲಿ ಭವ್ಯವಾದ ದೇವಾಲಯವನ್ನು ಕಟ್ಟಿಸಿದರು. ಗೊರೂರಿನ ಬಳಿ ಅಣೆಕಟ್ಟು ಎದ್ದಮೇಲೆ ಊರಿನ ಜನರು ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ನೀರು ಏರಿದಾಗ ಆ ದೇವಾಲಯವು ಅರೆಮುಳುಗಿ ನಿಲ್ಲುತ್ತದೆ. ನೀರು ಇಳಿದಾಗ ಅದರ ಮುರಿದ ಗೋಡೆಗಳನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ಆ ಗೋಡೆಗಳನ್ನು ಕಂಡು ಸಭೆಯೇ ಅಳಿಯಿತೆಂದು ಭಾವಿಸುವುದು ತಪ್ಪು. ಕಟ್ಟಡವು ನೀರಿನ ಪಾಲಾದರೂ ಸಭೆಯು ಜನರೊಡನೆ ನಡೆದುಹೋಯಿತು. 1799ರಲ್ಲಿ ಕಟ್ಟಡವೊಂದೂ ಇಲ್ಲದೆ ಉಳಿದಿದ್ದ ಜನರಿಂದಲೇ ಅದು ಮತ್ತೆ ಚಿಗುರಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಗಂಗರಾಜನ ಜೀರ್ಣೋದ್ಧಾರಕ್ಕೆ ಬೆಳಗೊಳದ ಶಾಸನಗಳು ಸಾಕ್ಷಿ. ದೊಡ್ಡಸ್ವಾಮಿಯವರ ಜೀರ್ಣೋದ್ಧಾರಕ್ಕೆ ಹಾಸನ ಸೀಮೆಯ ಒಕ್ಕಲುಮನೆಗಳೇ ಸಾಕ್ಷಿ.