ರಾಜಗಿರಿ ಬೀಜಾ ಎದ್ರಾಗ ಇಡಬೇಕು?

ಹೋದ ವರ್ಷ ಶ್ರಾವಣದಾಗ ಹಿತ್ತಲದಾಗ ಒಂದು ಮಡಿ ರಾಜಗಿರಿ ಹಾಕಿದೆ. ಎಂಟು ದಿನ ಆತು, ಹತ್ತು ದಿನ ಆತು, ಒಂದೂ ಮೊಳಕಿ ಏಳಲಿಲ್ಲ. ಅಂಗಡಿ ಬೀಜ ಆಗಿದ್ರ ಬೈದು ಸುಮ್ಮನಾಗ್ತಿದ್ದೆ. ಆದ್ರ ಅದು ನಮ್ಮ ಅವ್ವನ ಕೈಯಾನ ಬೀಜ. ಕೆಂಪು ದಂಟಿನ ರಾಜಗಿರಿ, ಅವ್ವ ತನ್ನ ತವರಮನಿಯಿಂದ ತಂದು ನಲವತ್ತು ವರ್ಷ ಬೆಳಸಿದ್ದು. ಆಕಿ ಹೋದ ಮ್ಯಾಲೆ, ಗಡಿಗ್ಯಾಗ ಬೂದಿ ಜೋಡಿ ಇದ್ದ ಬೀಜ ಎಲ್ಲಾ ಸೋಸಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದಾಕಿ ನಾನ. ಜಿಟಿಜಿಟಿ ಮಳಿ ದಿನ ಅದು, ಬಿಸಿಲು ತೋರಿಸಿದ್ದಿಲ್ಲ. ಈಗ ಮುಚ್ಚಳಾ ತಗದ್ರ ಮುಗ್ಗಲು ವಾಸನಿ.

ಅವ್ವನ ಪದ್ಧತಿ ನೆನಸಿಕೊಂಡ್ರ ಈಗ ತಿಳೀತದ. ತೆನಿ ಒಣಗಿಸಿ, ಅಂಗೈಯಾಗ ತಿಕ್ಕಿ, ಮರದಾಗ ಕೇರಿ, ಎಳಿಬಿಸಿಲಿನಾಗ ಮತ್ತ ಒಣಗಸ್ತಿದ್ಲು. ಆಮ್ಯಾಲೆ ಜರಡಿ ಹಿಡದ ಒಲಿಬೂದಿ ಕಲಸಿ ಸಣ್ಣ ಗಡಿಗಿಗೆ ಹಾಕಿ, ಬಾಯಿಗೆ ಅರಿಬಿ ಕಟ್ಟಿ ಸೆಗಣಿ ಸಾರಸ್ತಿದ್ಲು. ಗಡಿಗಿ ಒಲಿ ಹತ್ರದ ನೆಲುವಿನ ಮ್ಯಾಲೆ. ಒಣಾ ಬೂದಿ ತಂಪು ಹೀರ್ಕೋತದ, ಹುಳಕ್ಕ ಓಡಾಡಲಿಕ್ಕೆ ಜಾಗಾ ಕೊಡೂದಿಲ್ಲ. ನಮ್ಮ ಕಡೆ ಸೋರಿಬುರುಡಿಯಾಗೂ ಬೀಜ ಇಡ್ತಿದ್ರು. ಕುಂಬಳಬೀಜ ಸೆಗಣಿಯಾಗ ಸೇರಿಸಿ ಗ್ವಾಡಿಗೆ ಬಡೀತಿದ್ರು. ಕರಾವಳಿಯವರು ಭತ್ತಕ್ಕ ಹುಲ್ಲಿನ ಮುಡಿ ಕಟ್ತಿದ್ರು. ಬೀಜಕ್ಕ ತಕ್ಕಂಗ ಕಟ್ಟು.

ಕಾಗದದ ಪೊಟ್ಟಣದ್ದೂ ಒಂದು ಇತಿಹಾಸ ಅದ. ಅಮೆರಿಕಾದಾಗ ಮೊದಲು ತೋಟದ ಬೀಜ ಹೆಚ್ಚಾಗಿ ತೂಕದ ಮ್ಯಾಲೆ, ಚೀಲದಾಗ ಮಾರ್ತಿದ್ರು. ನ್ಯೂಯಾರ್ಕ್ ರಾಜ್ಯದಾಗ ಶೇಕರ್ ಅನ್ನೂ ಧಾರ್ಮಿಕ ಪಂಗಡದವರು 19ನೇ ಶತಮಾನದ ಆರಂಭದಾಗ ಸಣ್ಣ ಸಣ್ಣ ಕಾಗದದ ಪೊಟ್ಟಣದಾಗ ಬೀಜ ಹಾಕಿ ಮಾರಲಿಕ್ಕೆ ಹತ್ತಿದ್ರು. ಪೊಟ್ಟಣಾ ಕಟ್ಟಿಗಿ ಪೆಟ್ಟಿಗ್ಯಾಗ ಜೋಡಿಸಿ ಹಳ್ಳಿ ಅಂಗಡ್ಯಾಗ ಇಟ್ಟು, ಹಂಗಾಮು ಮುಗದ ಮ್ಯಾಲೆ ಉಳದದ್ದು ತಿರಗಿ ಒಯ್ತಿದ್ರು. ಒಂದು ಮಡಿ ಹಾಕಾಕಿಗೆ ಒಂದು ಮಡಿಗಾಗುವಷ್ಟ ಬೀಜ ಸಿಗೂ ಹಂಗಾತು.

ಮುಂದ 20ನೇ ಶತಮಾನದಾಗ ಕ್ಯಾಲಿಫೋರ್ನಿಯಾದ ಹ್ಯಾರಿಂಗ್ಟನ್ ಅನ್ನೂ ಬೀಜ ವಿಜ್ಞಾನಿ ಒಂದು ಸರಳ ಲೆಕ್ಕಾ ಕೊಟ್ರು. ಬೀಜದಾಗಿನ ನೀರು ನೂರಕ್ಕ ಒಂದು ಪಾಲು ಕಡಿಮಿ ಆದ್ರ ಅದರ ಆಯುಷ್ಯ ಸುಮಾರು ಎರಡು ಪಟ್ಟು ಆಗ್ತದ. ಇಡೂ ಜಾಗಾದ ಉಷ್ಣ 5 ಡಿಗ್ರಿ ಇಳದ್ರೂ ಹಂಗ. 2008ರಾಗ ನಾರ್ವೆದ ಸ್ವಾಲ್‌ಬಾರ್ಡ್‌ನಾಗ ಗುಡ್ಡಾ ಕೊರದು ಮಾಡಿದ ಬೀಜದ ಉಗ್ರಾಣ ಸುರು ಆತು. ಅಲ್ಲಿ ಮೂರು ಪದರಿನ ಅಲ್ಯೂಮಿನಿಯಂ ಹಾಳಿ ಚೀಲದಾಗ, ಮೈನಸ್ 18 ಡಿಗ್ರಿಯಾಗ ಬೀಜ ಇಡ್ತಾರ. ಆದ್ರ ಚೀಲದ ಬಾಯಿ ಮುಚ್ಚೂ ಮೊದಲು ಚಂದಂಗ ಒಣಗಿಸಿರ್ತಾರ. ಗಾಳಿ ಆಡದ ಡಬ್ಬಿ ಒಣಾ ಬೀಜಕ್ಕ ಕಾವಲು, ಹಸೀ ಬೀಜಕ್ಕ ಗೋರಿ. ನಾ ತಪ್ಪಿದ್ದು ಇಲ್ಲೇ.

ಅದೂ ರಾಜಗಿರಿಯಂಥಾ ಸಣ್ಣ ಬೀಜ. ಒಂದು ಗ್ರಾಂದಾಗ ಸಾವಿರಕ್ಕೂ ಹೆಚ್ಚು ಕಾಳು. ಸಣ್ಣದಿದ್ದಷ್ಟು ಲಗೂ ಒಣಗ್ತದ, ಅಷ್ಟ ಲಗೂ ಗಾಳಿಯಾಗಿನ ತಂಪೂ ಹೀರ್ತದ. ಪ್ಲಾಸ್ಟಿಕ್ ಚೀಲಕ್ಕ ಹಾಕಿದ್ರ ಒಳಗೆಲ್ಲಾ ಅಂಟಿ ಕೂಡ್ತದ, ಅಂಟಿಸಿದ ಲಕೋಟಿಗೆ ಹಾಕಿದ್ರ ಮೂಲ್ಯಾಗಿಂದ ಸೋರ್ತದ.

ಹಿಂಗಾಗಿ ಈಗ ನಾ ಮಾಡೂದು ಇಷ್ಟು. ನುಣುಪು ಕಾಗದದ ಮ್ಯಾಲೆ ಬೀಜ ಹಾಕಿ, ಗುಡಿಯಾಗ ಕುಂಕುಮದ ಪೊಟ್ಟಣಾ ಕಟ್ತಾರಲ್ಲ, ಹಂಗ ಮಡಚಿ ತುದಿ ಒಳಗ ಸಿಗಸ್ತೀನಿ. ಮ್ಯಾಲೆ ಹೆಸರು, ವರ್ಷ. ಗಾಜಿನ ಬಾಟ್ಲಿ ತಳಕ್ಕ ಒಂದು ಮುಷ್ಟಿ ಹುರದು ಆರಿಸಿದ ಅಕ್ಕಿ, ಅದರ ಮ್ಯಾಲೆ ಪೊಟ್ಟಣಾ, ಗಟ್ಟಿ ಮುಚ್ಚಳಾ. ಫ್ರಿಜ್ಜಿನಾಗ ಇಟ್ರ ಹೊರಗ ತಗದ ಕೂಡಲೆ ಮುಚ್ಚಳಾ ತಗೀಬ್ಯಾಡ್ರಿ. ಬಾಟ್ಲಿ ತಂಪು ಹೋಗೂತನಕ ತಡೀರಿ, ಇಲ್ಲಾಂದ್ರ ಬೀಜ ಬೆವರ್ತದ.

ಅವ್ವನ ಬೀಜ ಹೋತು ಅಂತ ಅತ್ತದ್ದೂ ಆತು. ಈ ವರ್ಷ ಪಂಚಮಿಗೆ ಊರಿಗೆ ಹೋದಾಗ ನಮ್ಮ ಚಿಕ್ಕವ್ವ, ‘ನಿಮ್ಮವ್ವ ಕೊಟ್ಟದ್ದ ನಮ್ಮ ಹಿತ್ತಲದಾಗ ಕಸದಂಗ ಬೆಳದೈತೆವಾ, ಒಯ್ಯಿ’ ಅಂದ್ಲು. ಅದ ಕೆಂಪು ದಂಟು! ಅವ್ವ ಯಾವತ್ತೂ ಬೀಜ ಒಂದ ಗಡಿಗ್ಯಾಗ ಇಟ್ಟಾಕಿ ಅಲ್ಲ, ಕೇಳಿದವರಿಗೆಲ್ಲಾ ಚಿಟಿಕಿ ಚಿಟಿಕಿ ಹಂಚಿದಾಕಿ.

ಹನ್ನೆರಡು ಪೊಟ್ಟಣಾ ಕಟ್ಟಿ ಇಟ್ಟೀನಿ. ಬಂದು ಒಂದೊಂದು ಒಯ್ಯಿರಿ. ನಂದು ಮತ್ತ ಕೆಟ್ರ ನಿಮ್ಮನಿಗೆ ಬರ್ತೀನಿ.